ರೊಟ್ಟಿ ನಡೆದ ದಾರಿ

ಹಂಚಿಕೊಂಡು ತಿನ್ನುವುದು ನಮ್ಮ ಸಂಸ್ಕೃತಿ ಎಂದು ವೇದಿಕೆ ಮೇಲೆ ಭಾಷಣ ಬಿಗಿಯುವವರನ್ನು ನಾವು ಒಂದೇ ಮಾತು ಕೇಳಬೇಕಾಗಿದೆ. ಯಾರ ಮನೆಯಿಂದ ಹೊರಟ ರೊಟ್ಟಿ ಯಾರ ಮನೆ ಸೇರಿತು ಸ್ವಾಮಿ? ನಾವು ಕಂಡ ಮಟ್ಟಿಗೆ ರೊಟ್ಟಿ ಒಂದೇ ದಿಕ್ಕಿಗೆ ನಡೆದಿದೆ. ಊರಿನಿಂದ ಕೇರಿಗೆ. ಅದೂ ತಂಗಳಾದ ಮೇಲೆ. ನಮ್ಮ ಅಜ್ಜಿಯರು ಸೆರಗು ಒಡ್ಡಿ ನಿಂತರು, ಮೇಲಿನಿಂದ ರೊಟ್ಟಿ ಬಿತ್ತು. ಅದಕ್ಕೆ ದಾನ ಅಂತ ಹೆಸರು. ಕೇರಿಯಿಂದ ಊರಿಗೆ ಬೆವರು ಹೋಯಿತು, ಸೌದೆ ಹೋಯಿತು, ನಾವು ಕುಯ್ದು ಬಡಿದ ರಾಗಿ ಹೋಯಿತು. ರೊಟ್ಟಿ ಮಾತ್ರ ಹೋಗಲಿಲ್ಲ.

ಹಾಗಂತ ನಮ್ಮ ಕೇರಿಯಲ್ಲಿ ರೊಟ್ಟಿ ಇರಲಿಲ್ಲವೇ? ಯುಗಾದಿ ಕಳೆದು ಸ್ಕೂಲಿಗೆ ರಜ ಬಿಟ್ಟರೆ ಬೇಸಿಗೆಯ ಸಂಜೆಗಳಲ್ಲಿ ರೊಟ್ಟಿ ಸುಡುವ ಗಮಲು. ಸುಗ್ಗಿಯ ರಾಗಿ ಗುಡಾಣದ ತಳ ಮುಟ್ಟುವ ಕಾಲ ಅದು. ಆದರೂ ಹಾಸ್ಟೆಲಿಂದ ಐಕ್ಳು ಬಂದವೆ ಅಂತ ಅವ್ವಂದಿರು ಬೆಲ್ಲ ಕರಗಿಸಿದ ನೀರಲ್ಲಿ ಹಿಟ್ಟು ಕಲಸಿ, ಒಂದು ಹಿಡಿ ಎಳ್ಳು ಉದುರಿಸಿ, ಮುತ್ತುಗದೆಲೆ ಮೇಲೆ ತಟ್ಟಿ ಹೆಂಚಿಗೆ ಹಾಕೋರು. ಎಲೆ ಸೀದು ಅದರ ನರಗಳು ರೊಟ್ಟಿಯ ಮೈಮೇಲೆ ಮೂಡುತ್ತಿದ್ದವು. ಒಲೆ ಒಬ್ಬರದು, ಬೆಲ್ಲ ಇನ್ನೊಬ್ಬರದು, ಸೌದೆ ಮತ್ತೊಬ್ಬರದು. ಸುಟ್ಟ ರೊಟ್ಟಿಯನ್ನು ಯಾರೂ ಎಣಿಸುತ್ತಿರಲಿಲ್ಲ, ಮಕ್ಕಳ ತಲೆ ಎಣಿಸೋರು. ಸಮಾಜವಾದ ಎಂಬ ಪದವನ್ನು ಕಾಲೇಜಿನಲ್ಲಿ ಓದುವ ಮುಂಚೆಯೇ ನಾವು ಅದರ ರುಚಿ ಕಂಡಿದ್ದೆವು.

ಡಿಗ್ರಿ ಓದುತ್ತಿದ್ದಾಗ ಒಂದು ಬೇಸಿಗೆ ಕೆರೆಯ ಹೂಳೆತ್ತುವ ಕೂಲಿಗೆ ಹೋದೆವು. ಮಂಕರಿ ಹೊರುವಾಗ ಊರಿನ ಕೈ ಕೇರಿಯ ಕೈಗೆ ತಾಗುತ್ತಿತ್ತು. ಮಣ್ಣಿಗೆ ಮೈಲಿಗೆ ಇಲ್ಲ ನೋಡಿ! ನಡುಹಗಲು ಬುತ್ತಿ ಬಿಚ್ಚುವಾಗ ಮಾತ್ರ ಹುಣಸೆ ಮರದ ನೆರಳು ಅವರಿಗೆ, ಜಾಲಿಯ ನೆರಳು ನಮಗೆ. ನಮ್ಮ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯನೂ ಆ ಕಡೆಯೇ ಇದ್ದ. ಅವ್ವ ಕಟ್ಟಿಕೊಟ್ಟ ಬೆಲ್ಲದ ರೊಟ್ಟಿ ಹಿಡಿದು ನಾವು ಹುಣಸೆ ಮರದ ಹತ್ತಿರ ನಡೆದೆವು. ಎಲ್ಲರ ಬಾಯಿ ನಿಂತಿತು. ಒಬ್ಬರಿಗೆ ಶನಿವಾರದ ಒಪ್ಪತ್ತು, ಒಬ್ಬರಿಗೆ ಹೊಟ್ಟೆನೋವು. ಬುತ್ತಿಯಲ್ಲಿ ಮುದ್ದೆ ಅರ್ಧ ಉಂಡಿದ್ದವರಿಗೂ ಒಪ್ಪತ್ತು! ಆ ಗೆಳೆಯ ತಲೆ ಎತ್ತಲಿಲ್ಲ. ಸಂಜೆ ಕತ್ತಲಾದ ಮೇಲೆ ಏರಿಯ ಹಿಂದೆ ಬಂದು, 'ಕೊಡ್ರೊ, ನಂಗೂ ಆಸೆ ಐತೆ' ಅಂದ. ಎರಡು ರೊಟ್ಟಿ ತಿಂದ. ಬಾಯಿ ಒರೆಸಿಕೊಂಡು, 'ನಮ್ಮವ್ವಂಗೆ ಹೇಳ್ಬ್ಯಾಡ್ರಿ' ಅಂದ. ನಮ್ಮನ್ನು ಹೆಚ್ಚು ಸುಟ್ಟದ್ದು ಮಧ್ಯಾಹ್ನದ ಒಪ್ಪತ್ತಲ್ಲ, ಸಂಜೆಯ ಈ ಒರೆಸಿಕೊಂಡ ಬಾಯಿ. ನಾಲಿಗೆಗೆ ಜಾತಿ ಇರಲಿಲ್ಲ, ಭಯ ಇತ್ತು.

ಈ ಭಯವನ್ನು ಬೀದಿಯಲ್ಲಿ ಮುರಿದವರು ಇದ್ದಾರೆ. 1917ರ ಮೇ 29ರಂದು, ಇಂಥದೇ ಬೇಸಿಗೆಯಲ್ಲಿ, ಕೇರಳದ ಚೆರಾಯಿಯಲ್ಲಿ ಈಳವರ ಯುವಕ ಅಯ್ಯಪ್ಪನ್ ಪುಲಯರ ಜೊತೆ ಕೂತು ಬಹಿರಂಗವಾಗಿ ಉಂಡರು. ಜಾತಿಯವರು ಅವರನ್ನು 'ಪುಲಯನ್ ಅಯ್ಯಪ್ಪನ್' ಎಂದು ಹಂಗಿಸಿದರು. ಅವರು ಆ ಹೆಸರನ್ನು ಬಿರುದಿನಂತೆ ಹೊತ್ತರು, ಜನರ ಪಾಲಿಗೆ ಸಹೋದರನ್ ಆದರು. ಹತ್ತು ವರ್ಷದ ನಂತರ, 1927ರ ಮಾರ್ಚ್ 20ರಂದು, ಮಹಾಡದಲ್ಲಿ ಬಾಬಾಸಾಹೇಬರ ಜೊತೆ ನಮ್ಮ ಜನ ಚವದಾರ ಕೆರೆಯ ನೀರು ಮುಟ್ಟಿದರು. ಅದೇ ದಿನ ಸವರ್ಣೀಯರು ಸಮ್ಮೇಳನದ ಪೆಂಡಾಲಿಗೆ ನುಗ್ಗಿ, ಉಣ್ಣುತ್ತಿದ್ದವರನ್ನು ಹೊಡೆದು, ಅನ್ನವನ್ನು ಮಣ್ಣುಪಾಲು ಮಾಡಿದರು. ನೀರಿನಷ್ಟೇ ಅನ್ನಕ್ಕೂ ಅವರು ಹೆದರಿದ್ದರು.

ಆದರೆ ಗೆಳೆಯರೇ, ಜೊತೆಯಲ್ಲಿ ಉಂಡರೆ ಜಾತಿ ಸತ್ತೀತೇ? 1936ರ 'ಜಾತಿ ವಿನಾಶ'ದಲ್ಲಿ ಅಂಬೇಡ್ಕರ್ ಈ ಭ್ರಮೆಯನ್ನು ಒಡೆದಿದ್ದಾರೆ. ಸಹಭೋಜನದಿಂದ ಜಾತಿಯ ಪ್ರಜ್ಞೆ ಸಾಯಲಿಲ್ಲ, ಅದನ್ನು ಪವಿತ್ರ ಮಾಡಿದ ಶಾಸ್ತ್ರಗಳ ಮೇಲಿನ ನಂಬಿಕೆಯೇ ಹೋಗಬೇಕು ಎಂಬುದು ಅವರ ವಾದ. ಇದನ್ನು ಮರೆತವರು ಚುನಾವಣೆ ಹತ್ತಿರ ಬಂದಾಗ ಕೇರಿಗೆ ಬಂದು ಎಲೆ ಹಾಕಿಸಿಕೊಳ್ಳುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಊಟ ಹೋಟೆಲಿನಿಂದ ಬಂದಿತ್ತು ಎಂಬ ಸುದ್ದಿಯನ್ನೂ ನಾವು ಪತ್ರಿಕೆಯಲ್ಲಿ ಓದಿದ್ದೇವೆ. ನಮ್ಮ ಒಲೆಯನ್ನು ದಾಟಿ ನಮ್ಮ ಮನೆಗೆ ಬರುವವರು ನಮ್ಮವರು ಹೇಗಾದಾರು?

ಮೇಷ್ಟ್ರುಗಳೇ, ನಿಮಗೆ ಒಂದು ಮಾತು. 2004ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟು ಬಿಸಿಯೂಟದ ಬಗ್ಗೆ ಒಂದು ಆದೇಶ ಕೊಟ್ಟಿತು. ಬರ ಬಿದ್ದ ಕಡೆ ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಊಟ ಹಾಕಬೇಕು. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕು. ಎರಡೂ ಒಂದೇ ಆದೇಶದಲ್ಲಿವೆ. ಹಸಿವನ್ನೂ ಮೈಲಿಗೆಯನ್ನೂ ಒಂದೇ ಸೌಟಿನಲ್ಲಿ ಎದುರಿಸಿದ ಮಾತು ಅದು. ಆಮೇಲೂ ನಮ್ಮ ಅವ್ವ ಅಕ್ಕಂದಿರು ಬೇಯಿಸಿದರೆಂದು ಮಕ್ಕಳನ್ನು ಶಾಲೆ ಬಿಡಿಸಿದ ಊರುಗಳು ಈ ರಾಜ್ಯದಲ್ಲಿವೆ. ಅಂಥ ದಿನ ತಟ್ಟೆ ಹಿಡಿದು ಸಾಲಿನಲ್ಲಿ ಮೊದಲು ಕೂರಬೇಕಾದವರು ನೀವು. ಹುಡುಗರು ನಿಮ್ಮ ಪಾಠಕ್ಕಿಂತ ನಿಮ್ಮ ತಟ್ಟೆಯನ್ನು ಚೆನ್ನಾಗಿ ನೋಡುತ್ತಾರೆ.

ರೊಟ್ಟಿಯ ದಾರಿ ತಿರುಗಿದರೆ ಪ್ರಶ್ನೆಗಳೂ ಅದರ ಹಿಂದೆ ನಡೆಯುತ್ತವೆ. ಈ ರಾಗಿ ಬೆಳೆದ ಹೊಲ ಯಾರದು? ಗೇದವರು ಯಾರು? ಗೇದವರ ಗುಡಾಣ ಬೇಸಿಗೆಗೆ ಮುಂಚೆ ಯಾಕೆ ಬರಿದಾಗುತ್ತದೆ? ಭೂಮಿಯ ಮಾತು ಬಿಟ್ಟು ಬರಿ ರೊಟ್ಟಿ ಹಂಚುವವರದು ಅರೆ ಬೆಂದ ರೊಟ್ಟಿ.

ಈ ರಜೆಯಲ್ಲೂ ನಮ್ಮ ಕೇರಿಯಲ್ಲಿ ಹೆಂಚು ಕಾಯುತ್ತದೆ. ಸಹಪಂಕ್ತಿಯ ಸಮಾರಂಭ ನಮಗೆ ಬೇಡ, ಕರುಣೆಯಂತೂ ಬೇಡವೇ ಬೇಡ. ಬನ್ನಿ, ಒಲೆಯ ಮುಂದೆ ಕೂತು ತಿನ್ನಿ. ಎರಡು ರೊಟ್ಟಿ ಎಲೆಯಲ್ಲಿ ಸುತ್ತಿ ಕೊಡುತ್ತೇವೆ. ಊರ ನಡುಬೀದಿಯಲ್ಲಿ, ಹಾಡುಹಗಲಲ್ಲಿ ಹಿಡಿದುಕೊಂಡು ಹೋಗಿ, ನಿಮ್ಮ ಅವ್ವನ ಕೈಗೆ ಕೊಡಿ. ಯಾರ ಮನೆಯದು ಅಂತ ಕೇಳಿದರೆ ಹೆಸರು ಹೇಳಿ.