ಗ್ರಾಮಸಭೆಯೂ ಅದರ ನಡವಳಿ ಪುಸ್ತಕವೂ

ಸಂಸಾರ ನಡೆಯಿಸುವವರಿಗೆ ಲೆಕ್ಕದ ಪುಸ್ತಕದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಿರಾಣಿ ಅಂಗಡಿಯವನೊಡನೆ ಎಷ್ಟೇ ಸ್ನೇಹವಿದ್ದರೂ, ತಂದ ಸಾಮಾನು ಉದ್ರಿಯ ವಹಿಯಲ್ಲಿ ಸರಿಯಾಗಿ ಏರಿದೆಯೋ ಇಲ್ಲವೋ ಎಂಬುದನ್ನು ನೋಡದೆ ನಾವು ಅಲ್ಲಿಂದ ಕದಲುವುದಿಲ್ಲ. ಆದರೆ ಊರೆಂಬ ದೊಡ್ಡ ಸಂಸಾರದ ಸಂಗತಿಯಲ್ಲಿ ಮಾತ್ರ ಆಡಬೇಕಾದುದನ್ನು ಆಡಿ, ಬರೆದುದನ್ನು ನೋಡದೆಯೇ ಮನೆಗೆ ಹಿಂದಿರುಗುತ್ತೇವೆ. ಬೀದರ ಜಿಲ್ಲೆಯ ಕೆಲವು ಗ್ರಾಮಸಭೆಗಳಲ್ಲಿ ಕುಳಿತು ನೋಡಿದ ಮೇಲೆ ನನ್ನ ಮನಸ್ಸಿನಲ್ಲಿ ಬಲವಾಗಿ ನಿಂತ ವಿಚಾರವಿದು. ಅದನ್ನೇ ವಾಚಕರ ಮುಂದೆ ಇಡುತ್ತೇನೆ.

ಹನ್ನೆರಡನೆಯ ಶತಮಾನದಲ್ಲಿ ಶರಣರು ಕೂಡಿ ಚರ್ಚಿಸಿದ ಅನುಭವ ಮಂಟಪದ ಕಲ್ಯಾಣವು ಈ ಜಿಲ್ಲೆಯಲ್ಲಿಯೇ ಇದೆ. ಹೀಗಿದ್ದರೂ ಸಾಮಾನ್ಯ ರೈತನಿಗೆ ಅಧಿಕಾರಿಗಳ ಎದುರು ಕುಳಿತು ಲೆಕ್ಕ ಕೇಳುವ ಹಕ್ಕು ಬಂದುದು ಬಹಳ ತಡವಾಗಿ. 1948ರ ಸೆಪ್ಟೆಂಬರಿನ ವರೆಗೆ ಇಲ್ಲಿ ನಿಜಾಮರ ಆಳಿಕೆಯಿತ್ತು. 1956ರ ನವೆಂಬರ್ 1ರಂದು ಬೀದರವು ಹೈದರಾಬಾದ್ ರಾಜ್ಯದಿಂದ ಬೇರೆಯಾಗಿ ಕನ್ನಡ ನಾಡನ್ನು ಸೇರಿತು. ಮುಂದೆ ಅಬ್ದುಲ್ ನಜೀರ್ ಸಾಹೇಬರು ಮಂತ್ರಿಗಳಾಗಿದ್ದಾಗ, 1983ರ ಕಾಯಿದೆಯಂತೆ 1987ರಲ್ಲಿ ಮಂಡಲ ಪಂಚಾಯತಿ ಮತ್ತು ಜಿಲ್ಲಾ ಪರಿಷತ್ತುಗಳ ಚುನಾವಣೆಗಳು ನಡೆದವು. ಸಂವಿಧಾನದ 73ನೆಯ ತಿದ್ದುಪಡಿಯೂ 1993ರ ಕರ್ನಾಟಕ ಪಂಚಾಯತಿ ಕಾಯಿದೆಯೂ ಗ್ರಾಮಸಭೆಗೆ ಭದ್ರವಾದ ಬುನಾದಿಯನ್ನು ಹಾಕಿದುವು.

ಗ್ರಾಮಸಭೆಯೆಂದರೆ ಚುನಾಯಿತರ ಸಭೆಯಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರೇ. ಆರು ತಿಂಗಳಿಗೊಮ್ಮೆಯಾದರೂ ಅದು ಕೂಡತಕ್ಕದ್ದು. ಅದಕ್ಕೆ ಮೊದಲು ವಾರ್ಡುಸಭೆಗಳು ನಡೆದು ಒಂದೊಂದು ಓಣಿಯ ಬೇಡಿಕೆಗಳನ್ನು ಗೊತ್ತುಮಾಡಬೇಕು. ಸದಸ್ಯರಲ್ಲಿ ಹತ್ತನೆಯ ಒಂದು ಪಾಲು, ಇಲ್ಲವೆ 100 ಜನ, ಇವೆರಡರಲ್ಲಿ ಕಡಿಮೆಯಾದಷ್ಟು ಮಂದಿ ಸೇರದಿದ್ದರೆ ಸಭೆಯು ಸಿಂಧುವಲ್ಲ. ಸೇರಿದವರಲ್ಲಿ ನೂರಕ್ಕೆ 30ರಷ್ಟಾದರೂ ಸ್ತ್ರೀಯರಿರಬೇಕು. ಕುಡಿಯುವ ನೀರು, ಚರಂಡಿ, ಬೀದಿದೀಪ, ಅಂಗನವಾಡಿ, ಮನೆಯಿಲ್ಲದವರ ಪಟ್ಟಿ, ಬರುವ ವರ್ಷದ ಕ್ರಿಯಾಯೋಜನೆ, ಕಳೆದ ವರ್ಷದ ಖರ್ಚು, ಇವೇ ಅಲ್ಲಿಯ ಮುಖ್ಯ ವಿಷಯಗಳು. ಇದಲ್ಲದೆ ವರ್ಷಕ್ಕೊಮ್ಮೆ ಜಮಾಬಂದಿ ಎಂಬುದು ನಡೆಯುತ್ತದೆ. ಹಳೆಯ ಕಾಲದಲ್ಲಿ ಈ ಮಾತಿಗೆ ಸರಕಾರವು ರೈತನ ಕಂದಾಯವನ್ನು ಗೊತ್ತುಮಾಡುವುದೆಂದು ಅರ್ಥ. ಈಗಲಾದರೋ ಪಂಚಾಯತಿಯ ಲೆಕ್ಕವನ್ನೂ ಕಾಮಗಾರಿಗಳನ್ನೂ ಜನರ ಎದುರಿನಲ್ಲಿ ಪರಿಶೀಲಿಸುವುದೇ ಜಮಾಬಂದಿ. ಲೆಕ್ಕ ಕೊಡುತ್ತಿದ್ದವನು ಲೆಕ್ಕ ಕೇಳುವವನಾದನು. ಇದು ಸಣ್ಣ ಬದಲಾವಣೆಯಲ್ಲ.

ಮೇಲಿನ ಸಭೆಗಳ ರೀತಿಯೇ ಬೇರೆ. ತಾಲೂಕಿನ ಪ್ರಗತಿ ಪರಿಶೀಲನೆಯು ಶಾಸಕರ ಅಧ್ಯಕ್ಷತೆಯಲ್ಲಿ, ಜಿಲ್ಲೆಯದು ಉಸ್ತುವಾರಿ ಮಂತ್ರಿಗಳ ಅಧ್ಯಕ್ಷತೆಯಲ್ಲಿ ನಡೆಯುವುದು. ಅಲ್ಲಿ ಉತ್ತರ ಕೊಡುವವರು ಅಧಿಕಾರಿಗಳು, ಕೇಳುವವರು ಜನಪ್ರತಿನಿಧಿಗಳು. 2016ರಲ್ಲಿ ಚುನಾಯಿತವಾದ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳ ಅವಧಿಯು 2021ರಲ್ಲಿ ತೀರಿದ ಮೇಲೆ, ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳೇ ಆ ಸ್ಥಾನದಲ್ಲಿ ಕುಳಿತರು. ಪಟ್ಟಣಿಗರ ಪಾಡೂ ಹೆಚ್ಚಿನದಲ್ಲ. ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನವಸತಿಯ ನಗರಗಳಲ್ಲಿ ಮಾತ್ರ ವಾರ್ಡು ಸಮಿತಿಗಳು ಇರಲೇಬೇಕೆಂದು ಸಂವಿಧಾನವು ವಿಧಿಸುತ್ತದೆ. 2011ರ ಜನಗಣತಿಯಲ್ಲಿ ಬೀದರ ನಗರದ ಜನಸಂಖ್ಯೆಯು ಎರಡು ಲಕ್ಷವನ್ನು ಸ್ವಲ್ಪವೇ ಮೀರಿತ್ತು. ಆದುದರಿಂದ ಸಾಮಾನ್ಯ ಮನುಷ್ಯನು ತಾನೇ ಸದಸ್ಯನಾಗಿ ಕುಳಿತು ಮಾತನಾಡಬಲ್ಲ ಸ್ಥಳವು ಹಳ್ಳಿಯ ಗ್ರಾಮಸಭೆಯೊಂದೇ ಎಂದರೂ ತಪ್ಪಿಲ್ಲ. ಅಲ್ಲಿಯ ಮಾತು ವ್ಯರ್ಥವಾದರೆ ಮತ್ತೆಲ್ಲಿ ಹೇಳೋಣ?

ವ್ಯರ್ಥವಾಗುವ ಬಗೆಯನ್ನು ಔರಾದ ತಾಲೂಕಿನ ಒಂದು ಹಳ್ಳಿಯಲ್ಲಿ ಕಂಡೆನು. ವಯಸ್ಸಾದ ಹೆಂಗಸೊಬ್ಬಳು ಎದ್ದುನಿಂತು, ತಮ್ಮ ಓಣಿಯ ಬೋರಿಂಗು ಕೆಟ್ಟು ಎರಡು ಬೇಸಗೆ ಕಳೆದುವೆಂದೂ, ಹೆಣ್ಣುಮಕ್ಕಳು ಹೊಲದ ಬಾವಿಗೆ ಹೋಗಿ ನೀರು ಹೊರುತ್ತಿರುವರೆಂದೂ ಮರಾಠಿಯಲ್ಲಿ ಹೇಳಿದಳು. ಎಲ್ಲರೂ ತಲೆದೂಗಿದರು. ಸಭೆ ಮುಗಿದ ಮೇಲೆ ನಡವಳಿ ಪುಸ್ತಕವನ್ನು ಕೇಳಿ ನೋಡಿದರೆ, ಆಕೆಯ ಮಾತೆಲ್ಲವೂ "ನೀರಿನ ವಿಷಯವಾಗಿ ಚರ್ಚಿಸಲಾಯಿತು" ಎಂಬ ಒಂದು ಸಾಲಿನಲ್ಲಿ ಅಡಗಿತ್ತು. ಓಣಿಯ ಹೆಸರಿಲ್ಲ, ಯಾರು ಯಾವಾಗ ರಿಪೇರಿ ಮಾಡಿಸಬೇಕೆಂಬುದಿಲ್ಲ. ಕೆಳಗೆ ಹೆಬ್ಬೆಟ್ಟಿನ ಗುರುತುಗಳು ಸಾಲಾಗಿದ್ದವು. ಅವುಗಳಲ್ಲಿ ಆಕೆಯದೂ ಇತ್ತು. ಚರ್ಚೆಗೂ ಠರಾವಿಗೂ ಇರುವ ಅಂತರವು ಆ ಒಂದು ಸಾಲಿನಲ್ಲಿದೆ. ಠರಾವನ್ನು ಮುಂದಿನ ಸಭೆಯಲ್ಲಿ ಎತ್ತಿ ಏನಾಯಿತೆಂದು ಕೇಳಬಹುದು. ಬರಿಯ ಚರ್ಚೆಗೆ ಯಾರೂ ಹೊಣೆಯಲ್ಲ.

ಭಾಷೆಯ ಮಾತನ್ನು ಇಲ್ಲಿ ಸ್ವಲ್ಪ ಹೇಳಬೇಕು. ಸರಕಾರದ ವ್ಯವಹಾರವೆಲ್ಲ ಉರ್ದುವಿನಲ್ಲಿದ್ದ ನಿಜಾಮರ ಕಾಲದಲ್ಲಿ, ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆಯನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ಈ ಸೀಮೆಯ ಹಿರಿಯರೆಲ್ಲರೂ ಬಲ್ಲರು. ತಿಳಿಯದ ನುಡಿಯಲ್ಲಿ ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಸಂಕಟವನ್ನು ನಮ್ಮ ಅಜ್ಜಂದಿರು ಉಂಡವರು. ಈಗ ಕಚೇರಿಯ ನುಡಿ ಕನ್ನಡವಾಗಿದೆ. ಅದು ನ್ಯಾಯವೂ ಹೌದು. ಆದರೆ ಗಡಿಯ ಹಳ್ಳಿಗಳಲ್ಲಿ ಮರಾಠಿ, ಉರ್ದು, ತೆಲುಗು ಆಡುವವರೂ ತಾಂಡಾಗಳ ಲಂಬಾಣಿಗರೂ ನಮ್ಮ ನೆರೆಹೊರೆಯವರೇ. ನಾವು ಉಂಡ ಸಂಕಟವನ್ನು ಅವರಿಗೆ ಉಣಿಸಬಾರದು. ಕನ್ನಡದಲ್ಲಿ ಬರೆದುದನ್ನು ಗಟ್ಟಿಯಾಗಿ ಓದಿ ಅವರವರ ಮಾತಿನಲ್ಲಿ ತಿಳಿಯಹೇಳಿದರೆ ಕನ್ನಡಕ್ಕೆ ಕುಂದಿಲ್ಲ, ಗೌರವವೇ ಹೆಚ್ಚುವುದು.

ಇದು ಆಗದ ಕೆಲಸವೇನೂ ಅಲ್ಲ. ಭಾಲ್ಕಿಯ ಕಡೆಯ ಒಂದು ಸಭೆಯಲ್ಲಿ, ರುಜುವಿಗಾಗಿ ಪುಸ್ತಕವು ಕೈಯಿಂದ ಕೈಗೆ ಬರುತ್ತಿರಲು, ಸ್ತ್ರೀಸಂಘದ ಗೃಹಿಣಿಯೊಬ್ಬರು ಅದನ್ನು ಮಡಿಲಲ್ಲಿಟ್ಟುಕೊಂಡು, "ಏನ್ ಬರದೀರಿ, ಒಂದಿಷ್ಟು ಓದಿ ಹೇಳ್ರಿ ಸಾಹೇಬ್ರ, ಆಮ್ಯಾಲ ಸಹಿ ಮಾಡ್ತೀವಿ" ಎಂದರು. ಕೆಲವರು ನಕ್ಕರು. ಆದರೂ ಓದಲೇಬೇಕಾಯಿತು. ಓದುವಾಗ ಬಿಟ್ಟುಹೋದ ಎರಡು ಸಂಗತಿಗಳು ಹೊರಬಿದ್ದು, ಅಲ್ಲಿಯೇ ಸೇರಿಸಲ್ಪಟ್ಟವು. ಒಂದು ಚರಂಡಿಯದು, ಮತ್ತೊಂದು ಮನೆಯ ಪಟ್ಟಿಗೆ ಸೇರಬೇಕಾದ ಒಬ್ಬ ವಿಧವೆಯ ಹೆಸರು. ಕಾಲು ಗಂಟೆಯ ಕೆಲಸ. ಆದರೆ ಆ ವಿಧವೆಯ ಪಾಲಿಗೆ ಅದು ತಲೆಯ ಮೇಲಿನ ಸೂರಿನ ಪ್ರಶ್ನೆಯಾಗಿತ್ತು.

ಗೃಹಸ್ಥರು ಮಾಡಬೇಕಾದುದು ಇಷ್ಟೇ. ಬೇಡಿಕೆಯನ್ನು ಬಾಯಲ್ಲಿ ಹೇಳುವುದರ ಜೊತೆಗೆ ಅರ್ಜಿಯಾಗಿ ಬರೆದು ಕೊಟ್ಟು, ಮುಟ್ಟಿದ್ದಕ್ಕೆ ರಸೀದಿ ಪಡೆಯಬೇಕು. ಸಭೆಯು ಏಳುವ ಮೊದಲು ನಡವಳಿಯನ್ನು ಓದಿಸಬೇಕು. ಓದದೆ ರುಜು ಹಾಕಬಾರದು. ಬರೆದುದನ್ನು ಕಾಣುವ ಅಗತ್ಯ ಬಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಕೊಡಬಹುದು. 30 ದಿವಸಗಳಲ್ಲಿ ಉತ್ತರ ಬರತಕ್ಕದ್ದು. ಮುಂದಿನ ಸಭೆಯಲ್ಲಿ ಹಿಂದಿನ ಠರಾವುಗಳ ಗತಿಯನ್ನು ಮೊದಲು ಕೇಳಿ, ಆಮೇಲೆ ಹೊಸ ಮಾತನ್ನು ಎತ್ತಬೇಕು.

ಡಂಗುರದ ಸದ್ದು ಓಣಿಗೆ ಬಂದಾಗ "ಅದು ಗಂಡಸರ ಕೆಲಸ" ಎಂದು ಗೃಹಿಣಿಯರೂ, "ಅದು ಪುಢಾರಿಗಳ ಕೆಲಸ" ಎಂದು ಗೃಹಸ್ಥರೂ ಮನೆಯಲ್ಲಿ ಉಳಿಯದಿರಲಿ. ನೀರಿನ ಕೊಡ ಹೊರುವವಳಿಗಿಂತ ನೀರಿನ ವಿಷಯವನ್ನು ಚೆನ್ನಾಗಿ ಬಲ್ಲವರು ಯಾರು? ಆಕೆಯ ಮಾತು ಆಕೆ ಹೇಳಿದಂತೆಯೇ ಪುಸ್ತಕಕ್ಕೆ ಏರುವಂತೆ ನೋಡಿಕೊಳ್ಳುವುದು ಓದುಬರಹ ಬಲ್ಲ ನಮ್ಮೆಲ್ಲರ ಕರ್ತವ್ಯವಾಗಿದೆ.