ಮಂಚ, ಕನ್ನಡಿ, ಕೂರಿಗೆ

ಬೇಲೂರು ಎಂದೊಡನೆ ಓದುಗರ ಕಣ್ಣ ಮುಂದೆ ಶಿಲಾಬಾಲಿಕೆಯರು ಬಂದು ನಿಲ್ಲುತ್ತಾರೆ. ನಾನು ದುಡಿಯುವ ಬೇಲೂರು ಅದಲ್ಲ. ಧಾರವಾಡ ಬಿಟ್ಟು ಬೆಳಗಾವಿಯ ಕಡೆಗೆ ಹೊರಟರೆ ಹೆದ್ದಾರಿಯ ಮಗ್ಗುಲಿಗೆ ಹೈಕೋರ್ಟು ಪೀಠದ ದೊಡ್ಡ ಕಟ್ಟಡ ಕಾಣುತ್ತದೆ. ಅದರ ಆಸುಪಾಸಿನಲ್ಲಿ ತಗಡಿನ ಛಾವಣಿಗಳು, ಕಾಂಪೌಂಡು ಗೋಡೆಗಳು, ಸಾಲುಗಟ್ಟಿ ನಿಂತ ಲಾರಿಗಳು. ಇದು ಬೇಲೂರು ಕೈಗಾರಿಕಾ ಪ್ರದೇಶ. ಇಲ್ಲಿಯ ಒಂದು ಕಾರಖಾನೆಯಲ್ಲಿ ಲೆಕ್ಕ ಬರೆಯುವುದು ನನ್ನ ಕಸುಬು. ಹೊರರಾಜ್ಯದಿಂದ ಮಾಲು ತಂದ ಲಾರಿಯವನೊಬ್ಬ, ಬಿಲ್ಲಿಗೆ ಸಹಿ ಹಾಕಿಸಿಕೊಂಡ ಮೇಲೆ, "ಗುಡಿ ಎಲ್ಲಿದೆ?" ಎಂದು ಬಹಳ ಭಕ್ತಿಯಿಂದ ಕೇಳಿದ್ದುಂಟು. ಹೊಯ್ಸಳರ ಬೇಲೂರು ಇಲ್ಲಿಂದ ನೂರಾರು ಮೈಲಿ ದೂರ ಎಂದಾಗ ಅವನ ಮುಖ ಸಣ್ಣದಾಯಿತು.

ನೋಡತಕ್ಕದ್ದು ಇಲ್ಲಿ ಏನೂ ಇಲ್ಲವೆಂದೇ ಇರಬೇಕು, ರಜೆ ಬಂದರೆ ನನಗೆ ನೋಡುವ ಹುಚ್ಚು. ಅದೂ ಚಿಕ್ಕ ವಸ್ತುಸಂಗ್ರಹಾಲಯಗಳ ಹುಚ್ಚು. ಮುಂಬಯಿ, ಕಲಕತ್ತೆಗಳ ಭವ್ಯ ಮ್ಯೂಜಿಯಮ್ಮುಗಳಿಗೆ ನಾನು ಹೋಗದವನಲ್ಲ. ಅಲ್ಲಿಂದ ಹೊರಬಂದಾಗ ನೆನಪಿನಲ್ಲಿ ಉಳಿಯುವುದು ಕಾಲುನೋವು ಮಾತ್ರ. ಚಿಕ್ಕವುಗಳ ರೀತಿಯೇ ಬೇರೆ. ಎರಡು ಕೋಣೆ, ನಾಲ್ಕು ಕಪಾಟು. ನಮ್ಮನ್ನು ಕಂಡ ಮೇಲೆ ಎದ್ದು ದೀಪ ಹಾಕುವ ಒಬ್ಬ ಕಾವಲುಗಾರ. ನಾವು ಬರುವತನಕ ಆ ವಸ್ತುಗಳೆಲ್ಲ ಕತ್ತಲೆಯಲ್ಲಿ ಕುಳಿತಿದ್ದವಲ್ಲ ಎಂದು ಒಂದು ಬಗೆಯ ಸಂಕೋಚವಾಗುತ್ತದೆ.

ಈ ಸಲ ಜೊತೆಗೆ ಬಂದವರು ನನ್ನ ಸೋದರಮಾವ. ಎಪ್ಪತ್ತು ದಾಟಿದ ಜೀವ. ಈ ಬೇಲೂರಿನಲ್ಲಿಯೇ ಹುಟ್ಟಿ ಬೆಳೆದವರು. ಅವರ ಎರಿಹೊಲ ಕೈಗಾರಿಕೆಗೆ ಹೋಗಿ ಬಹಳ ವರ್ಷಗಳಾದವು. ಬಂದ ಹಣ ಹೆಣ್ಣುಮಕ್ಕಳ ಮದುವೆಗೆ ಹೋಯಿತು. ಜೋಳ, ಕಡಲೆ ಬೆಳೆಯುತ್ತಿದ್ದ ಕಡೆಗೆ ಈಗ ಒಂದು ದೊಡ್ಡ ಶೆಡ್ಡು ನಿಂತಿದೆ. ಮಾವ ಆ ದಾರಿಯಲ್ಲಿ ಹೋಗುವಾಗ ಇನ್ನೊಂದು ಮಗ್ಗುಲಿಗೆ ಮುಖ ತಿರುಗಿಸುತ್ತಾರೆ. ಆ ವಿಷಯ ನಾವು ಯಾರೂ ಎತ್ತುವುದಿಲ್ಲ.

"ಹಳೇ ಮಂದಿ ಮನಿ ನೋಡಾಕ ಎಣ್ಣಿ ಸುಟ್ಟು ಹೋಗತೀಯಲ್ಲೋ ತಮ್ಮಾ? ನಮ್ಮನೀಗೆ ಬಾ, ಪುಕ್ಕಟೆ ತೋರಸ್ತೀನಿ" ಎಂದು ಮೊದಲು ನಕ್ಕರು. ಆದರೂ ಶನಿವಾರ ಬೆಳಿಗ್ಗೆ ರುಮಾಲು ಸುತ್ತಿಕೊಂಡು ಕಾರಿನಲ್ಲಿ ಕುಳಿತರು. ಕಾರು ಅವರ ಮಗನದು, ನಡೆಸುವವನು ನಾನು.

ಮೊದಲ ದಿನ ಧಾರವಾಡಕ್ಕೇ ಹೋಯಿತು. ಮನೆಯ ಅಂಗಳದಲ್ಲಿರುವುದನ್ನು ನಾವು ನೋಡುವುದೇ ಇಲ್ಲವಷ್ಟೆ! ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ 'ಶ್ರೀಮಾತಾ'. ಹತ್ತಿರದಲ್ಲಿಯೇ ಅವರ ಹೆಸರಿನ ಭವನ. 1973ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದ ಕವಿಯ ಮನೆ ಅರಮನೆಯಂತಿರಬಹುದೆಂದು ಮಾವ ಎಣಿಸಿದ್ದರೋ ಏನೋ, "ಇಷ್ಟ ಏನು?" ಎಂದರು. ಎರಡು ನಿಮಿಷ ಸುಮ್ಮನೆ ನಿಂತು, "ಇಷ್ಟ ಸಾಕ ಬಿಡು" ಎಂದೂ ಅವರೇ ಹೇಳಿದರು. ಮಲ್ಲಿಕಾರ್ಜುನ ಮನ್ಸೂರರ 'ಮೃತ್ಯುಂಜಯ'ದಲ್ಲಿ ಮಾತ್ರ ಅವರನ್ನು ಹೊರಡಿಸುವುದು ಕಷ್ಟವಾಯಿತು. ಮನ್ಸೂರರು ನಮ್ಮ ಸೀಮೆಯ ಮನುಷ್ಯರು. ಧಾರವಾಡದ ಸಮೀಪದ ಮನ್ಸೂರಿನಲ್ಲಿ 1910ರಲ್ಲಿ ಹುಟ್ಟಿದವರು. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾದ ಮೇಲೆ ಅವರ ದನಿ ನಮ್ಮ ಹಳ್ಳಿಗಳ ಕಟ್ಟೆಯವರೆಗೆ ಬಂದಿತ್ತು. ಆ ಸಂಗೀತದ ಆಳ ಮಾವನಿಗೆ ಎಷ್ಟು ತಿಳಿಯುತ್ತಿತ್ತೋ ನಾನು ಕೇಳಲಿಲ್ಲ. ಅವರೇ ಹೇಳಿದರು: "ಕಣದಾಗ ರಾಶಿ ಕಾಯಾಕ ಮಲಗಿದ್ದಾಗ ಈ ದನಿ ಕೇಳೀನಿ. ಏನ್ ಹಾಡ್ತಾನ ತಿಳೀತಿದ್ದಿಲ್ಲ. ನಿದ್ದಿ ಮಾತ್ರ ಬರತಿದ್ದಿಲ್ಲ."

ವಿಶ್ವವಿದ್ಯಾಲಯದ ಗುಡ್ಡದ ಮೇಲೆ ಕನ್ನಡ ಸಂಶೋಧನಾ ಸಂಸ್ಥೆಯಿದೆ. 1939ರಲ್ಲಿ ಮುಂಬಯಿ ಸರಕಾರದ ಕಾಲಕ್ಕೆ ಹುಟ್ಟಿದ್ದು. ಶಾಸನ, ವೀರಗಲ್ಲು, ಓಲೆಗರಿಗಳ ವಿಷಯ ಬರೆಯಹೋದರೆ ಅದೇ ಬೇರೆ ಲೇಖನವಾದೀತು. ಅದಿರಲಿ.

ಭಾನುವಾರ ಹೆದ್ದಾರಿ ಹಿಡಿದೆವು. ಹೋಗುವ ಮೊದಲು ಗರಗಕ್ಕೆ ಒಂದು ಸುತ್ತು ಹಾಕಿಸಿದವರು ಮಾವ. ಅಲ್ಲಿಯ ಮಡಿವಾಳೇಶ್ವರ ಮಠಕ್ಕೆ ಕೈಮುಗಿಯದೆ ಅವರು ಆ ದಿಕ್ಕಿಗೆ ಪ್ರಯಾಣ ಮಾಡುವುದಿಲ್ಲ. ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿ ನೇಯುವುದರಲ್ಲಿ ಹೆಸರಾದ ಊರು ಅದು. ದಿಲ್ಲಿಯಲ್ಲಿ ಬಾವುಟ ಏರಿದರೆ ಗರಗದವರು ನೋಡುವುದು ಅದರ ಬಣ್ಣವನ್ನಲ್ಲ, ನೂಲನ್ನು. ಚರಕ ಮಗ್ಗಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕೆಂದು ಅಲ್ಲಿ ಯಾರಿಗೂ ತೋರಿಲ್ಲ. ಅವಕ್ಕೆ ಇನ್ನೂ ಕೆಲಸವಿದೆ.

ಕಿತ್ತೂರಿಗೆ ಬಂದಾಗ ಬಿಸಿಲು ಏರಿತ್ತು. ಇದೇ ದಿಕ್ಕಿನಲ್ಲಿ 1824ರ ಅಕ್ಟೋಬರದಲ್ಲಿ ಧಾರವಾಡದ ಕಲೆಕ್ಟರ ಥ್ಯಾಕರೆ ದಂಡು ತೋಪುಗಳೊಡನೆ ಹೋದ. ಕೋಟೆಯ ಬಾಗಿಲು ತೆರೆಯಲು ಗಡುವು ಕೊಟ್ಟ. 23ನೆಯ ತಾರೀಖಿಗೆ ಬಾಗಿಲು ತೆರೆಯಿತು. ಒಳಗಿನಿಂದ ಚೆನ್ನಮ್ಮನ ಸೈನ್ಯ ಹೊರಗೆ ಬಂತು. ಥ್ಯಾಕರೆ ಅಲ್ಲಿಯೇ ಬಿದ್ದ. ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಥ್ಯಾಕರೆಗೆ ಇವನು ಚಿಕ್ಕಪ್ಪ. ಇವನ ಹೆಸರಿನ ಕಲ್ಲಿನ ಸ್ತಂಭ ಧಾರವಾಡದಲ್ಲಿ ಇಂದಿಗೂ ನಿಂತಿದೆ. ಡಿಸೆಂಬರದಲ್ಲಿ ಇಂಗ್ಲಿಷರು ಇನ್ನೂ ದೊಡ್ಡ ದಂಡು ತಂದರು, ಕೋಟೆ ಬಿತ್ತು. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿ 2ರಂದು ತೀರಿಕೊಂಡಳು. ಇಷ್ಟು ಶಾಲೆಯ ಹುಡುಗರಿಗೂ ಗೊತ್ತು.

ಆದರೆ ಅರಮನೆಯ ನೆಲದ ಮೇಲೆ ನಿಂತಾಗ ಯುದ್ಧ ನೆನಪಾಗುವುದಿಲ್ಲ. ಛಾವಣಿಯಿಲ್ಲದ ಗೋಡೆಗಳು, ಸಾಗವಾನಿ ಕಂಬಗಳು ಹೋಗಿ, ಅವು ಕುಳಿತಿದ್ದ ಕಲ್ಲುಗಳು ಮಾತ್ರ ಸಾಲಾಗಿ ಉಳಿದಿವೆ. ಮಾವ ಕೋಟೆಯನ್ನು ಮರೆತು ಬಚ್ಚಲಮನೆಗಳ ಹಿಂದೆ ಬಿದ್ದರು. ನೀರು ಎಲ್ಲಿಂದ ಬರುತ್ತಿತ್ತು, ಎಲ್ಲಿ ಕಾಯುತ್ತಿತ್ತು, ಎತ್ತ ಹರಿದು ಹೋಗುತ್ತಿತ್ತು ಎಂದು ಬಾಗಿ ಬಾಗಿ ನೋಡಿದರು. ಸಂಗ್ರಹಾಲಯದಲ್ಲಿ ಕತ್ತಿ ಗುರಾಣಿಗಳ ಮುಂದೆ ಜನ ನೆರೆದಿದ್ದರೆ, ಇವರು ಕೆತ್ತನೆಯ ಬಾಗಿಲು ಚೌಕಟ್ಟುಗಳ ಮುಂದೆ ನಿಂತು ಬೆರಳಿನಿಂದ ಗಾಳಿಯಲ್ಲಿಯೇ ಅದರ ಹೂಬಳ್ಳಿ ಸವರುತ್ತಿದ್ದರು. ಮುಟ್ಟಬಾರದೆಂದು ಹಲಗೆ ಹಾಕಿದ್ದರಲ್ಲ.

"ಇದನ್ನ ಮಾಡಿದ ಬಡಿಗ್ಯಾನ ಹೆಸರು ಎಲ್ಲಿ ಬರದೈತಿ ನೋಡು."

ನೋಡಿದೆ. ಚೀಟಿಯಲ್ಲಿ ಹೆಸರಿರಲಿಲ್ಲ. "ಗೊತ್ತಿರೂದಿಲ್ರಿ ಮಾವಾ" ಎಂದೆ.

"ಆವಾಗ ಗೊತ್ತಿತ್ತಲ್ಲೋ. ಆವಾಗ ಯಾರೂ ಬರಕೊಳ್ಳಲಿಲ್ಲ."

ಅರಮನೆಯಲ್ಲಿ ಧ್ರುವನಕ್ಷತ್ರ ನೋಡಲೆಂದು ಗೋಡೆಯಲ್ಲಿ ಕೂಡಿಸಿದ ಒಂದು ಕೊಳವೆಯಿದೆ. ಕಿತ್ತೂರಿಗೆ ಬಂದವರೆಲ್ಲ ಅದಕ್ಕೆ ಒಂದು ಕಣ್ಣು ಹಚ್ಚಿಯೇ ಹೋಗುತ್ತಾರೆ. ಮಾವನೂ ಹಚ್ಚಿದರು. ಹಾಡುಹಗಲು, ಆ ಕಡೆಗೆ ಬರೀ ಬೆಳಕು. ತಲೆ ಎತ್ತಿ, "ನಮ್ಮ ಕೂರಿಗಿ ಕೊಳವಿಯೊಳಗ ನೋಡಿದಂಗ ಆತು" ಎಂದರು.

ಅಲ್ಲಿಂದ ಹೊರಟಿತು ಕೂರಿಗೆಯ ಮಾತು. ಬೇಲೂರಿನ ಹಳೆಯ ಮನೆಯ ಅಟ್ಟದ ಮೇಲೆ ಅದು ಇದೆ. ರಂಟೆ, ಕುಂಟೆಗಳೂ ಇವೆ. ಎತ್ತು ಮಾರಿ, ಹೊಲ ಹೋಗಿ, ಇವು ಮಾತ್ರ ಉಳಿದವು. ಈಗ ಮಗ ಆ ಮನೆಯನ್ನು ಕೆಡವಿ, ಕಾರಖಾನೆಯ ಹುಡುಗರಿಗೆ ಬಾಡಿಗೆ ಕೊಡಲು ಎಂಟು ಕೋಣೆ ಕಟ್ಟಿಸಬೇಕೆಂದಿದ್ದಾನೆ. ಅವನದು ತಪ್ಪಲ್ಲ, ಮನೆಗೆ ಬೇರೆ ಉತ್ಪನ್ನವಿಲ್ಲ. ಗುಜರಿಯವನು ಒಮ್ಮೆ ಬಂದು ನೋಡಿ, ಕಬ್ಬಿಣಕ್ಕೆ ತೂಕದ ಮೇಲೆ ದರ ಹೇಳಿ, ಕಟ್ಟಿಗೆಯನ್ನು ಒಲೆಗೆ ಹಾಕಿಕೊಳ್ಳಿ ಎಂದು ಹೋಗಿದ್ದನಂತೆ. ಬುಧವಾರ ಮತ್ತೆ ಬರುವವನಿದ್ದಾನೆ. ಎರಡು ದಿನದಿಂದ ಮಾವ ಹೊತ್ತುಕೊಂಡು ತಿರುಗುತ್ತಿದ್ದ ಭಾರ ಇದೆಂದು ಆಗ ತಿಳಿಯಿತು.

"ಯಾವುದಾದರೂ ಸಂಗ್ರಹಾಲಯಕ್ಕೆ ಕೊಡಬಹುದಲ್ರಿ. ರಾಮನಗರದ ಹತ್ತಿರ ಜಾನಪದ ಲೋಕ ಐತಿ" ಎಂದೆ. ಮಾವ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಶಿಗ್ಗಾವಿಯ ದಾರಿಯಲ್ಲಿ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಅವರು ಮೊದಲೇ ನೋಡಿದ್ದರು. ಕಲಾವಿದ ಟಿ. ಬಿ. ಸೊಲಬಕ್ಕನವರು ಹಳ್ಳಿಯ ಬಾಳುವೆಯನ್ನೆಲ್ಲ ಆಳೆತ್ತರದ ಬೊಂಬೆಗಳಲ್ಲಿ ನಿಲ್ಲಿಸಿದ ತೋಟ ಅದು. "ಎತ್ತು ಥೇಟ ನಮ್ಮವ ಆಗಿದ್ದವು. ಸೆಗಣಿ ಒಂದು ಹಾಕತಿದ್ದಿಲ್ಲ" ಎನ್ನುವುದು ಅವರ ಮೆಚ್ಚುಗೆ.

ಬೆಳಗಾವಿಯಲ್ಲಿ ವೀರಸೌಧಕ್ಕೆ ಹೋದೆವು. ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷರಾದ ಒಂದೇ ಅಧಿವೇಶನ 1924ರ ಡಿಸೆಂಬರದಲ್ಲಿ ನಡೆದದ್ದು ಈ ನೆಲದಲ್ಲಿ. ಆಗಿನ್ನೂ ಎಳೆಯ ಹುಡುಗಿಯಾಗಿದ್ದ ಗಂಗೂಬಾಯಿ ಹಾನಗಲ್ಲರು ಅಲ್ಲಿ ಸ್ವಾಗತಗೀತೆ ಹಾಡಿದರು. ಗೋಡೆಯ ಚಿತ್ರಗಳು ಚೆನ್ನಾಗಿವೆ. ಆದರೆ ಚಿತ್ರ ಚಿತ್ರವೇ. ಮಾವ ಬೇಗ ಹೊರಗೆ ಬಂದರು.

ರಿಸಾಲದಾರ ಗಲ್ಲಿಯ ಭಾಟೆಯವರ ಮನೆಯ ಮಾತೇ ಬೇರೆ. 1892ರ ಅಕ್ಟೋಬರದಲ್ಲಿ ಒಬ್ಬ ತರುಣ ಸಂನ್ಯಾಸಿ ಊರೂರು ಅಲೆಯುತ್ತ ಬೆಳಗಾವಿಗೆ ಬಂದ. ವಕೀಲ ಭಾಟೆಯವರು ಮನೆಯಲ್ಲಿ ಇಳಿಸಿಕೊಂಡರು. ಕೆಲವು ದಿನಗಳ ಮೇಲೆ ಆತ ಅರಣ್ಯ ಇಲಾಖೆಯ ಹರಿಪದ ಮಿತ್ರರ ಬಿಡಾರಕ್ಕೆ ಹೋದ. ಆ ಸಂನ್ಯಾಸಿ ಸ್ವಾಮಿ ವಿವೇಕಾನಂದರು. ಇಂದು ಆ ಮನೆ ರಾಮಕೃಷ್ಣ ಆಶ್ರಮದವರ ಸ್ಮಾರಕ. ಅವರು ಬಳಸಿದವೆಂದು ಜೋಪಾನವಾಗಿ ಕಾಪಾಡಿಕೊಂಡು ಬಂದ ಮಂಚ, ಕನ್ನಡಿ, ಬೆತ್ತ ಉಳಿದಿವೆ. ಮಂಚ ನಮ್ಮೆಲ್ಲರ ಮನೆಯ ಮಂಚದಂತೆಯೇ ಇದೆ.

ಚಿಕಾಗೋದ ಭಾಷಣ ಯಾವ ವರ್ಷದ್ದೆಂದು ಮಾವ ಕೇಳಿದರು. "1893, ಸಪ್ಟಂಬರ" ಎಂದೆ.

ಬೆರಳು ಮಡಚಿ ಎಣಿಸಿದರು. "ಅಂದ್ರ ಇವರ ಮನಿಯೊಳಗ ಮಲಗಿದ್ದಾಗ ಆತ ಯಾರಂತ ಯಾರಿಗೂ ಗೊತ್ತಿದ್ದಿಲ್ಲ."

"ಇಲ್ರಿ. ಇನ್ನೂ ಹನ್ನೊಂದು ತಿಂಗಳಿತ್ತು."

"ಆ ಹನ್ನೊಂದು ತಿಂಗಳದಾಗ ಒಬ್ಬರರ ಆ ಕನ್ನಡಿ ತಗದು ಯಾರಿಗರ ಕೊಟ್ಟಿದ್ರ?"

ನಾನು ಇಷ್ಟು ಸಂಗ್ರಹಾಲಯ ತಿರುಗಿದವನು, ಈ ಲೆಕ್ಕವನ್ನು ಎಂದೂ ಹಾಕಿರಲಿಲ್ಲ. ವಸ್ತುಗಳನ್ನು ಇತಿಹಾಸ ಉಳಿಸುತ್ತದೆಂದು ನಾವು ಓದಿಕೊಂಡವರು ನಂಬಿದ್ದೇವೆ. ಇತಿಹಾಸ ಬಂದು ಬಾಗಿಲು ತಟ್ಟುವತನಕ ಕಸದ ಪಾಲಾಗದಂತೆ ನೋಡಿಕೊಂಡವರು ಆ ಮನೆಯವರು. ಯಾರೋ ಗೃಹಿಣಿ ಅದರ ಧೂಳು ಒರೆಸಿರಬೇಕು. ಆಕೆಯ ಹೆಸರಿನ ಚೀಟಿಯನ್ನು ನಾನು ಕಾಣಲಿಲ್ಲ.

ತಿರುಗಿ ಬರುವಾಗ ಮಲಪ್ರಭೆಯ ದಂಡೆಯ ಎಂ. ಕೆ. ಹುಬ್ಬಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ಮಾವ ನನ್ನ ಫೋನಿನಿಂದ ಮಗನಿಗೆ ಮಾತಾಡಿದರು. ಬುಧವಾರ ಗುಜರಿಯವನು ಬರುವುದು ಬೇಡ ಎಂದರು. ಆ ಕಡೆಯಿಂದ, ಹಾಗಾದರೆ ಅದನ್ನೆಲ್ಲ ಇಡುವುದು ಎಲ್ಲಿ ಎಂದು ಕೇಳಿದಂತೆ ತೋರಿತು.

"ಎಂಟು ಖೋಲಿ ಬ್ಯಾಡ, ಏಳು ಕಟ್ಟಸು. ಒಂದರ ಬಾಡಿಗಿ ನನ್ನ ಪಾಲಿಂದು ಅಂತ ತಿಳಕೋ."

ಬಹಳ ಹೊತ್ತು ವಾದವಾಯಿತು. ಕೊನೆಗೆ ಆತ ಒಪ್ಪಿದನೋ, ದಣಿದು ಸುಮ್ಮನಾದನೋ ಹೇಳಲಾರೆ. ಮಾವ ಫೋನು ಕೊಟ್ಟು, "ಪೆನ್ನು ಐತೇನು?" ಎಂದರು. ಚಹಾ ಅಂಗಡಿಯ ಬಿಲ್ಲಿನ ಹಿಂಬದಿಗೆ ನಾನು ಬರೆಯತೊಡಗಿದೆ. ಕೂರಿಗೆ. ಮಾಡಿದ ಬಡಿಗೇರನ ಹೆಸರು, ಅವನ ಊರು. ಯಾವ ಮರ, ದಿಂಡು ಯಾವುದು, ಬಟ್ಟಲು ಯಾವುದು. ಎರಿಹೊಲದ ಸರ್ವೆ ನಂಬರು. ಅದು ಅವರಿಗೆ ಬಾಯಿಪಾಠವಿತ್ತು. ಕೊನೆಯ ಹಿಂಗಾರಿ ಬಿತ್ತಿದ ವರ್ಷ.

"ಇನ್ನೂ ಒಂದು ಬರಿ. ಬಟ್ಟಲಕ್ಕ ಕಾಳು ಬಿಡತಿದ್ದಾಕಿ ನಿಮ್ಮತ್ತಿ. ಮೂವತ್ತು ವರ್ಷ ಆಕೀನ ಬಿಟ್ಟಾಳ. ಬಟ್ಟಲದ ಒಂದು ಮಗ್ಗಲ ಸವದೈತಿ, ಅದು ಆಕಿ ಮುಷ್ಟಿಗೆ ಸವದದ್ದು. ಹುಳ ತಿಂದದ್ದಲ್ಲ ಅಂತ ಬರಿ."

ಅತ್ತೆ ತೀರಿಕೊಂಡು ನಾಲ್ಕು ವರ್ಷ. ಆಕೆಯ ಹೆಸರನ್ನು ಮಾವ ನನ್ನೆದುರಿಗೆ ಹೇಳಿದ್ದು ನಾನು ಕೇಳಿರಲಿಲ್ಲ; ಆ ಹೊತ್ತು ಹೇಳಿದರು, ತವರಿನ ಅಡ್ಡಹೆಸರು ಸಹಿತ. ಬಿಲ್ಲಿನಲ್ಲಿ ಜಾಗ ಮುಗಿದಿತ್ತು. ಅಂಗಡಿಯವನಿಂದ ಇನ್ನೊಂದು ಬಿಲ್ಲು ಕೇಳಿ ಪಡೆದೆ.