ಒಂದು ಗಜ ವಯರು

ಸೀರೆ ಆರಿಸಲು ಹೆಂಗಸರಿಗೆ ಅರ್ಧ ದಿನ ಬೇಕು ಎಂದು ನಗುವ ಗಂಡಸರು, ಟಿವಿಗೊಂದು ವಯರು ಆರಿಸಲು ಎಷ್ಟು ದಿನ ತೆಗೆದುಕೊಳ್ಳುತ್ತಾರೆಂದು ಯಾರೂ ಲೆಕ್ಕ ಇಟ್ಟಿಲ್ಲ. ಸೀರೆಯಾದರೆ ಮುಟ್ಟಿ ನೋಡಬಹುದು, ಸೆರಗು ಬಿಡಿಸಿ ಬೆಳಕಿಗೆ ಹಿಡಿಯಬಹುದು, ಬೇಡವಾದರೆ ಮಡಚಿಡಿ ಎನ್ನಬಹುದು. ವಯರಿನ ಗುಣವೆಲ್ಲ ಅದರ ಹೊಟ್ಟೆಯೊಳಗೆ. ಅಂಗಡಿಯವನು ಹೇಳಿದ್ದೇ ವೇದವಾಕ್ಯ. ಅದಕ್ಕೇ ಇರಬೇಕು, ಈ ವ್ಯವಹಾರದಿಂದ ನಾವು ಹೆಂಗಸರು ದೂರವೇ ಉಳಿದಿದ್ದೇವೆ. ನಾನೂ ಉಳಿಯುತ್ತಿದ್ದೆನೋ ಏನೋ. ಅತ್ತೆಯ ದೆಸೆಯಿಂದ ಅದು ನನ್ನ ಪಾಲಿಗೆ ಬಂತು.

ಅತ್ತೆ ಕಾರ್ಕಳದ ಕಡೆಯವರು. ಊರಿಗೆ ಮೇಳ ಬಂತೆಂದರೆ ಗದ್ದೆಯಲ್ಲಿ ಚಾಪೆ ಹಾಸಿ ಬೆಳಗಿನವರೆಗೆ ಆಟ ನೋಡಿದ ಹಳೆಯ ಜೀವ. ಈಗ ಉಡುಪಿಯ ನಮ್ಮ ಮನೆಯಲ್ಲಿ ಟಿವಿಯೇ ಅವರ ರಂಗಸ್ಥಳ. ಹಳೆಯ ಡಬ್ಬಿ ಟಿವಿ ಹೋಗಿ ಗೋಡೆಗೆ ಅಂಟುವಂಥದ್ದು ಬಂದಾಗ ಚಿತ್ರ ದೊಡ್ಡದಾಯಿತು, ಮಾತು ಸಣ್ಣದಾಯಿತು. ಅಷ್ಟು ತೆಳ್ಳಗಿನ ಪೆಟ್ಟಿಗೆಯಲ್ಲಿ ಸ್ಪೀಕರಿಗೆ ಜಾಗ ಎಲ್ಲಿಯದು? ಇದ್ದ ಎರಡು ಪುಟ್ಟ ಸ್ಪೀಕರುಗಳು ಹಿಂದಕ್ಕೆ ಮುಖಮಾಡಿ ಗೋಡೆಯೊಂದಿಗೆ ಮಾತಾಡುತ್ತವೆ. ಅತ್ತೆಗೆ ಚೆಂಡೆಯ ಪೆಟ್ಟು ಕೇಳುತ್ತಿತ್ತು, ಭಾಗವತರ ರಾಗ ಕೇಳುತ್ತಿತ್ತು. ಅರ್ಥಗಾರಿಕೆ ಮಾತ್ರ ಕೇಳುತ್ತಿರಲಿಲ್ಲ. ನಾವೆಲ್ಲ ನಕ್ಕ ಮೇಲೆ "ದಾದ ಪಂಡೆ?" ಎನ್ನುವರು, ಏನು ಹೇಳಿದ ಎಂದು. ಮೂರು ಸಲ ಯಾರಾದರೂ ಹೇಳುತ್ತಿದ್ದರು. ನಾಲ್ಕನೆಯ ಸಲಕ್ಕೆ "ಏನಿಲ್ಲ ಬಿಡಿ" ಎಂಬ ಉತ್ತರ. ಸ್ವಲ್ಪ ದಿನಗಳಲ್ಲಿ ಅವರು ಕೇಳುವುದನ್ನೇ ಬಿಟ್ಟರು. ಊಟವಾದೊಡನೆ ಕೋಣೆಗೆ ಹೋಗಿ ಮಲಗತೊಡಗಿದರು. ಮನೆಯಲ್ಲಿ ಜಗಳವಿಲ್ಲ, ಕಾಯಿಲೆಯಿಲ್ಲ. ಆದರೂ ಒಬ್ಬರು ನಮ್ಮ ನಡುವಿನಿಂದ ಎದ್ದುಹೋದಂತೆ ನನಗೆ ಭಾಸವಾಯಿತು.

ಟಿವಿಯ ಕೆಳಗೆ ಇಡುವ ಉದ್ದ ಸ್ಪೀಕರು, ಅದೇ ಸೌಂಡ್‌ಬಾರ್, ಮನೆಗೆ ಬಂದದ್ದು ಹೀಗೆ. ಅದನ್ನು ಟಿವಿಗೆ ಜೋಡಿಸಲು ವಯರು ಬೇಕಲ್ಲ! ನಾನೂ ಇವರೂ ಪೇಟೆಗೆ ಹೋದೆವು. ಪ್ರಶ್ನೆ ಕೇಳುವವಳು ನಾನು, ಅಂಗಡಿಯ ಹುಡುಗ ಉತ್ತರ ಹೇಳುವುದು ಇವರಿಗೆ. ನೀವೂ ಕಂಡಿರುತ್ತೀರಿ ಇದನ್ನು. ಆತ ಒಳಗಿನಿಂದ ಹೆಬ್ಬೆರಳು ದಪ್ಪದ, ಬಟ್ಟೆಯ ಕವಚ ತೊಟ್ಟ, ಎರಡೂ ತುದಿಗೆ ಚಿನ್ನದ ನೀರು ಕುಡಿಸಿದ ವಯರೊಂದನ್ನು ಮಗುವನ್ನು ಎತ್ತಿಕೊಂಡಂತೆ ತಂದ. ಬೆಲೆ ನಾಲ್ಕು ಸಾವಿರ. "ಸರ್, ಇದು ಹಾಕಿದರೆ ಸ್ವರ ಜೇನಿನ ಹಾಗೆ" ಎಂದ. ಪಕ್ಕದಲ್ಲಿ ನಾಲ್ಕು ನೂರರದ್ದೂ ತೂಗುತ್ತಿತ್ತು. ಅದರ ಕಡೆ ಕೈ ತೋರಿದರೆ ಮುಖ ಸಣ್ಣ ಮಾಡಿಕೊಂಡ. ಮಟ್ಟುಗುಳ್ಳ ಎಂದು ಯಾವುದೋ ಊರಿನ ಬದನೆ ಮಾರುವವರನ್ನು ದಿನವೂ ನೋಡುವ ನಾವು ಇಷ್ಟಕ್ಕೆ ಬಗ್ಗುತ್ತೇವೆಯೇ? "ನಾಳೆ ಬರುತ್ತೇವೆ" ಎಂದು ಹೊರಟೆ.

ನಮ್ಮ ಸೋದರಳಿಯನೊಬ್ಬ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಸಂಜೆ ಅವನಲ್ಲಿಗೆ ಹೋಗಿ ಜೇನಿನ ಸಂಗತಿ ಕೇಳಿದೆ. ಅವನು ನಕ್ಕು, "ಅತ್ತೇ, ಹಿಂದೆ ಅದರಲ್ಲಿ ಸ್ವಲ್ಪ ನಿಜವಿತ್ತು" ಎಂದ. ಹಳೆಯ ಕ್ಯಾಸೆಟ್ಟು, ರೇಡಿಯೋಗಳ ಕಾಲದಲ್ಲಿ ವಯರಿನಲ್ಲಿ ಹರಿಯುತ್ತಿದ್ದದ್ದು ಸ್ವರದ ಅಲೆಯೇ. ಹಂಡೆಯಿಂದ ಬಚ್ಚಲಿಗೆ ನೀರು ಬಂದ ಹಾಗೆ. ದಾರಿಯಲ್ಲಿ ತೂತಿದ್ದರೆ ಸೋರುತ್ತದೆ, ಕಸವಿದ್ದರೆ ಸೇರುತ್ತದೆ. ಕೆಟ್ಟ ವಯರು ಗುಂಯ್ ಎನ್ನುತ್ತಿತ್ತು. ಆದರೆ 1982ರಲ್ಲಿ ಸೀಡಿ ಬಂದಲ್ಲಿಂದ ಸ್ವರ ಅಂಕಿಯಾಯಿತು. ಸೀಡಿಯಲ್ಲಿ ಒಂದೊಂದು ಕಿವಿಗೆ ಸೆಕೆಂಡಿಗೆ 44,100 ಸಲ ಸ್ವರವನ್ನು ಅಳೆದು ಬರೆದಿಡುತ್ತಾರೆ. ಎರಡೂ ಕಿವಿ ಸೇರಿ ಸೆಕೆಂಡಿಗೆ 14 ಲಕ್ಷಕ್ಕೂ ಮಿಕ್ಕಿದ ಸೊನ್ನೆಗಳು, ಒಂದುಗಳು. ಡಿಜಿಟಲ್ ವಯರಿನಲ್ಲಿ ಹೋಗುವುದು ಇವು ಮಾತ್ರ.

ಅವನು ಹೇಳಿದ್ದು ನನಗೆ ತಿಳಿದದ್ದು ಬೇರೆ ರೀತಿಯಲ್ಲಿ. 2013ರಲ್ಲಿ ನಿಂತುಹೋದ ಟೆಲಿಗ್ರಾಂ ನಿಮಗೆ ನೆನಪಿರಬಹುದು. ಅದನ್ನೂ ನಾವು ತಂತಿ ಎಂದೇ ಕರೆಯುತ್ತಿದ್ದೆವು. "ಹೆರಿಗೆಯಾಯಿತು, ಹೆಣ್ಣು ಮಗು" ಎಂದು ತಂತಿ ಬಂದರೆ, ಕಾಗದ ಒರಟಾಗಿದೆಯೆಂದು ಮಗು ಕಪ್ಪಾಗುತ್ತದೆಯೇ? ಅಕ್ಷರ ಓದುವಂತಿದ್ದರೆ ಸುದ್ದಿ ಪೂರ್ತಿ ತಲುಪಿದಂತೆ. ಅಕ್ಷರ ಅಳಿಸಿದ್ದರೆ ಸುದ್ದಿಯೇ ಕೆಡುತ್ತದೆ. ಡಿಜಿಟಲ್ ವಯರೂ ಹಾಗೆಯೇ. ಕೆಟ್ಟರೆ ಸ್ವರ ಟಕ್ ಟಕ್ ಎಂದು ಕಡಿಯುತ್ತದೆ, ಇಲ್ಲವೇ ನಿಂತೇಹೋಗುತ್ತದೆ. ಸಿಹಿ ಕಡಿಮೆಯಾಗುವುದು ಎಂಬುದಿಲ್ಲ.

ಹುಡುಗ ಅಷ್ಟಕ್ಕೇ ಬಿಡಲಿಲ್ಲ. ಗೆಳೆಯನ ದುಬಾರಿ ವಯರೊಂದನ್ನು ತಂದು, ನನ್ನ ಕಣ್ಣಿಗೆ ಟವಲು ಕಟ್ಟಿ, ಒಂದೇ ಪದವನ್ನು ಎರಡೂ ವಯರಿನಲ್ಲಿ ಹತ್ತು ಸಲ ಬದಲಿಸಿ ಹಾಕಿದ. ಯಾವುದು ಯಾವುದೆಂದು ನನಗೂ ತಿಳಿಯಲಿಲ್ಲ, ಸಂಗೀತ ಕಲಿತ ಅವನ ಗೆಳೆಯನಿಗೂ ತಿಳಿಯಲಿಲ್ಲ. ಕಣ್ಣು ಬಿಟ್ಟರೆ ಮಾತ್ರ ದಪ್ಪ ವಯರು ಚೆನ್ನಾಗಿ ಹಾಡುತ್ತಿತ್ತು!

ಹಾಗಾದರೆ ಆರಿಸುವುದಕ್ಕೆ ಏನೂ ಇಲ್ಲವೇ? ಇದೆ. ವಯರಿನ ಬೆಲೆಯಲ್ಲಿ ಅಲ್ಲ, ಜಾತಿಯಲ್ಲಿ. ಟಿವಿಯ ಬೆನ್ನು ತಿರುಗಿಸಿ ಯಾವ ಯಾವ ತೂತುಗಳಿವೆ ಎಂದು ನೋಡಬೇಕು. ನಮ್ಮ ಬಳಗದ ಮೂರು ಮನೆಗಳಿಗೆ ಮೂರು ಜಾತಿಯ ವಯರು ಹೊಂದಿದ ಬಗೆಯನ್ನು ಹೇಳಿದರೆ ನಿಮಗೂ ಅನುಕೂಲವಾದೀತು.

ಉಡುಪಿಯ ನಮ್ಮ ಮನೆಗೆ ಎಚ್‌ಡಿಎಂಐ. 2002ರಲ್ಲಿ ಬಂದ ಈ ಚಪ್ಪಟೆ ತುದಿಯ ವಯರು ಚಿತ್ರ, ಸ್ವರ ಎರಡನ್ನೂ ಒಯ್ಯುತ್ತದೆ. 2009ರಿಂದ ಟಿವಿಯ ಸ್ವರವನ್ನು ಹಿಂದಕ್ಕೆ ಸ್ಪೀಕರಿಗೆ ಕಳಿಸುವ ದಾರಿಯೂ ಅದರಲ್ಲಿ ಸೇರಿತು. ಆ ತೂತಿನ ಪಕ್ಕದಲ್ಲಿ 'ಎಆರ್‌ಸಿ' ಎಂದು ಬರೆದಿರಬೇಕು. ಬೇರೆ ತೂತಿಗೆ ಚುಚ್ಚಿದರೆ ಸ್ವರ ಬಾರದು. ಇದನ್ನು ಆರಿಸಿದ್ದು ಒಂದೇ ಕಾರಣಕ್ಕೆ: ಟಿವಿಯ ರಿಮೋಟಿನಿಂದಲೇ ಸ್ಪೀಕರಿನ ಸ್ವರ ಏರಿಳಿಯುತ್ತದೆ. ಅತ್ತೆಯ ಕೈಗೆ ಎರಡು ರಿಮೋಟು ಕೊಟ್ಟು, ಇದು ಅದಕ್ಕೆ, ಅದು ಇದಕ್ಕೆ ಎಂದು ದಿನವೂ ಪಾಠ ಹೇಳುವುದು ಅವರಿಗೂ ಅವಮಾನ, ನಮಗೂ ಕಷ್ಟ.

ಕಾಪುವಿನಲ್ಲಿ ತಂಗಿಯ ಮನೆ. ಅಂಗಳದಿಂದ ಕಡಲಿನ ಮೊರೆತ ಕೇಳುತ್ತದೆ. ಉಪ್ಪು ಗಾಳಿಗೆ ಅಲ್ಲಿ ಬೀಗ ತುಕ್ಕು ಹಿಡಿಯುತ್ತದೆ, ಪ್ಲಗ್ಗಿನ ಪಿನ್ನು ಹಸಿರುಗಟ್ಟುತ್ತದೆ. ಚಿನ್ನದ ನೀರಿಗೆ ಅಲ್ಲೊಂದು ಬೆಲೆಯಿದೆ, ಅದು ಕಿಲುಬು ಹಿಡಿಯುವುದಿಲ್ಲ. ಆದರೆ ಅದು ಅಗ್ಗದ ವಯರಿಗೂ ಇರುತ್ತದೆ. ಎಪ್ರಿಲ್, ಮೇ ತಿಂಗಳ ಸಿಡಿಲು ಬೇರೆ. ನೆರೆಮನೆಯಲ್ಲಿ ಡಿಶ್ಶಿನ ವಯರಿನಿಂದ ಟಿವಿಗೆ, ಟಿವಿಯಿಂದ ಸ್ಪೀಕರಿಗೆ ನುಗ್ಗಿ ಎರಡನ್ನೂ ಸುಟ್ಟಿತ್ತು. ಅಲ್ಲಿಗೆ ಬೆಳಕಿನ ವಯರು, ಅಂದರೆ ಆಪ್ಟಿಕಲ್, ಒಳ್ಳೆಯದೆಂದು ಕಂಡಿತು. ತೋಷಿಬಾ ಕಂಪನಿ 1983ರಲ್ಲಿ ತಂದ ಈ ವಯರಿನೊಳಗೆ ಲೋಹದ ಎಳೆಯಿಲ್ಲ. ಇರುವುದು ಪ್ಲಾಸ್ಟಿಕ್ಕಿನ ಎಳೆ, ಅದರಲ್ಲಿ ಕೆಂಪು ಬೆಳಕು. ಬೆಳಕು ಹೊತ್ತಿದರೆ ಒಂದು, ಆರಿದರೆ ಸೊನ್ನೆ. ಕಾಪುವಿನ ದೀಪಸ್ತಂಭ 1901ರಿಂದ ದೋಣಿಗಳಿಗೆ ಬೆಳಕಿನಲ್ಲೇ ಸುದ್ದಿ ಹೇಳುತ್ತಿರುವಾಗ ಆ ಊರಿನವಳಾದ ತಂಗಿಗೆ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ. ಸಿಡಿಲು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಈ ವಯರಿನ ಮೂಲಕ ದಾಟಲಾರದು. ಆದರೂ ಗುಡುಗಿದಾಗ ಕರೆಂಟಿನ ಪ್ಲಗ್ಗು ಕೀಳಲೇಬೇಕು.

ಈ ವಯರಿನ ನಾಜೂಕು ತಿಳಿದಿರಲಿ. ತುದಿಗಳ ಪುಟ್ಟ ಟೋಪಿ ತೆಗೆದು ಚುಚ್ಚಬೇಕು. ಕಪಾಟಿನ ಹಿಂದೆ ಒತ್ತಿ ಮಡಚಬಾರದು, ಮಲ್ಲಿಗೆಯ ದಂಡೆಯಂತೆ ಅಗಲ ಸುತ್ತಾಗಿ ಬಿಡಬೇಕು. ಐದು ಮೀಟರಿನೊಳಗೆ ಮುಗಿದರೆ ಚೆನ್ನ. ಡಾಲ್ಬಿ ಅಟ್ಮಾಸ್ ಎಂಬ, ತಲೆಯ ಮೇಲೆ ಮಳೆ ಸುರಿದಂತೆ ಕೇಳಿಸುವ ಹೊಸ ಸೊಗಸು ಇದರಲ್ಲಿ ಹೋಗಲಾರದು, ಅದಕ್ಕೆ ಎಚ್‌ಡಿಎಂಐಯೇ ಆಗಬೇಕು. ನಾಲ್ಕು ತಿಂಗಳು ಹೆಂಚಿನ ಮೇಲೆ ನಿಜವಾದ ಮಳೆ ಕೇಳುವ ತಂಗಿಗೆ ಅದರ ಆಸೆಯೇನೂ ಇರಲಿಲ್ಲ.

ಕಾರ್ಕಳದಲ್ಲಿ ಭಾವನ ಮನೆ. ಅಲ್ಲಿ ಹಳೆಯ ಆಂಪ್ಲಿಫೈಯರು, ಅದಕ್ಕಿಂತ ತುಸು ಹೊಸತಾದ ಡಿವಿಡಿ ಪ್ಲೇಯರು. ಎರಡಕ್ಕೂ ಕೊಆಕ್ಸಿಯಲ್ ಎಂಬ ಒಂಟಿ ದುಂಡು ತೂತು ಇತ್ತು. ಅದಕ್ಕೆ 75 ಓಮ್‌ನ ವಯರು ಬೇಕು. ಟಿವಿಗೆ ಚಿತ್ರ ಕಳಿಸುತ್ತಿದ್ದ ಹಳೆಯ ಹಳದಿ ತುದಿಯ ವಯರೂ ಅದೇ ಅಳತೆಯದ್ದು. ಅಟ್ಟದಿಂದ ಇಳಿಸಿ, ಒರೆಸಿ ಚುಚ್ಚಿದೆವು, ಹಾಡಿತು. ಖರ್ಚು ಸೊನ್ನೆ. 1990ರಲ್ಲಿ ತೀರಿಕೊಂಡ ಕಾಳಿಂಗ ನಾವಡರ ಪದಗಳನ್ನು ಭಾವ ಕ್ಯಾಸೆಟ್ಟಿನಿಂದ ಸೀಡಿಗೆ ಇಳಿಸಿಟ್ಟಿದ್ದಾರೆ. ಆ ಸಿರಿಕಂಠದ ಹಿಂದೆ ಕ್ಯಾಸೆಟ್ಟಿನ ಸುಯ್ ಶಬ್ದವೂ ಹಾಗೆಯೇ ಬಂತು. ಲಕ್ಷ ರೂಪಾಯಿಯ ವಯರು ಹಾಕಿದರೂ ಅದು ಹೋಗದು. ಕೊಟ್ಟದ್ದನ್ನು ಹಾಗೆಯೇ ತಲುಪಿಸುವುದಷ್ಟೇ ವಯರಿನ ಕೆಲಸ.

ಈ ಮಾತು ನನ್ನನ್ನು ಇನ್ನೊಂದು ಕಡೆಗೆ ಯೋಚಿಸಲು ಹಚ್ಚಿತು. ನಾಲ್ಕು ನೂರರ ವಯರು ಹಾಕಿ, ಸೌಂಡ್‌ಬಾರಿನಲ್ಲಿ ಮಾತನ್ನು ಎತ್ತಿ ಕೊಡುವ ಗುಂಡಿ ಒತ್ತಿದ ಮೇಲೆ ಅತ್ತೆ ಮತ್ತೆ ಜಗಲಿಗೆ ಬಂದು ಕುಳಿತದ್ದು ನಿಜ. ಅರ್ಧಕ್ಕರ್ಧ ಮಾತು ತಿಳಿಯುತ್ತದೆ ಎಂದರು. ಉಳಿದರ್ಧ? ಅದು ಸ್ಪೀಕರಿನಿಂದ ಸರಿಯಾಗಿಯೇ ಹೊರಟಿತ್ತು. ಮಣಿಪಾಲಕ್ಕೆ ಕರೆದೊಯ್ದು ಕಿವಿಯ ಪರೀಕ್ಷೆ ಮಾಡಿಸಿದೆವು. ವಯಸ್ಸಾದಂತೆ ಮೊದಲು ಹೋಗುವುದು ತಾರದ ಸ್ವರಗಳಂತೆ. ಸ, ಶ, ತ ಮುಂತಾದ ಅಕ್ಷರಗಳ ಅಂಚು ಮಾಸುತ್ತದೆ, ಆ, ಊ ಎಂಬ ದನಿ ಉಳಿಯುತ್ತದೆ. ಚೆಂಡೆ ಕೇಳಿ ಮಾತು ಕೇಳದಿದ್ದ ಗುಟ್ಟು ಇಷ್ಟೇ. ನಾವು "ಅತ್ತೆಗೆ ಬೇಕಾದ್ದು ಮಾತ್ರ ಕೇಳುತ್ತದೆ" ಎಂದು ತಮಾಷೆ ಮಾಡುತ್ತಿದ್ದ ಮನೆಗಳು ಈ ಊರಲ್ಲಿ ಎಷ್ಟಿವೆಯೋ.

ಈಗ ಅವರ ಕಿವಿಯ ಹಿಂದೆ ಕಡಲೆಯಷ್ಟು ದಪ್ಪದ ಯಂತ್ರವಿದೆ. ಮೊದಲ ವಾರ ಪಾತ್ರೆಯ ಸದ್ದಿಗೆ ಬೈದರು, ಆಮೇಲೆ ಒಗ್ಗಿದರು. ವಯರಿನಲ್ಲಿ ಉಳಿಸಿದ ಮೂರು ಸಾವಿರದ ಆರು ನೂರು ಅದರ ಬೆಲೆಗೆ ಸಾಲಲಿಲ್ಲ, ಆದರೆ ಸೇರಿತು. ನಿಮ್ಮ ಮನೆಯಲ್ಲೂ ಯಾರಾದರೂ ಟಿವಿಯ ಸ್ವರ ಏರಿಸುತ್ತಲೇ ಇದ್ದರೆ ಅಂಗಡಿಗೆ ಹೊರಡುವ ಮೊದಲು ಎರಡು ಕೆಲಸ ಮಾಡಿ: ಟಿವಿಯ ಬೆನ್ನು ನೋಡಿ, ಅವರ ಕಿವಿಯನ್ನೂ ತೋರಿಸಿ. ವಯರನ್ನು ಆಮೇಲೆ, ಅಳತೆ ತೆಗೆದು, ಬೇಕಾದಷ್ಟೇ ಉದ್ದದ್ದು ತನ್ನಿ.